ಬಾವನ ಪಕ್ಕದಲ್ಲಿ ಓಡಬೇಕಿದ್ದ ದಿನ

ನಿನ್ನ ಕಾಲಿಗೇನು ಚಕ್ರ ಕಟ್ಟಿದೆಯಾ ಎಂದು ಅಕ್ಕ ಚಿಕ್ಕಂದಿನಿಂದಲೂ ನನ್ನನ್ನು ಬೈಯುತ್ತಾಳೆ. ಸುಳ್ಳಲ್ಲ. ಊಟಕ್ಕೆ ಕೂತರೂ ನನ್ನ ಮಂಡಿ ಕುಣಿಯುತ್ತಿರುತ್ತದೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತೇನೆ, ಸೀಟು ಸಿಕ್ಕರೂ ಬಾಗಿಲ ಹತ್ತಿರ ನಿಲ್ಲುತ್ತೇನೆ.

ನಮ್ಮ ಓಟದ ಕ್ಲಬ್ ಹುಟ್ಟಿದ್ದೂ ಆ ರೈಲಿನಲ್ಲೇ. ಎಂಟು ಹತ್ತು ಜನ, ವರ್ಷಗಟ್ಟಲೆ ಒಂದೇ ಬೋಗಿ. ಬೆಳಗಾಗುವ ಮೊದಲೇ ಹಾಲು ಕರೆದು, ಡೈರಿಗೆ ಹಾಕಿ, ಹಾರನ್ ಕೇಳಿದ ಮೇಲೆ ಹೊಲದ ಬದುವಿನ ಮೇಲೆ ಓಡಿ ಗಾಡಿ ಹಿಡಿಯುವವರು. ಹೇಗೂ ವಾರಕ್ಕೆ ಆರು ದಿನ ಓಡುತ್ತೇವೆ, ಏಳನೆಯ ದಿನ ಬೂಟು ಹಾಕಿಕೊಂಡು ಓಡೋಣ ಎಂದು ಯಾರೋ ತಮಾಷೆ ಮಾಡಿದರು. ಈಗ ಪ್ರತಿ ಭಾನುವಾರ ಆಂಡರ್ಸನ್‌ಪೇಟೆಯಿಂದ ಬೇತಮಂಗಲದ ಕೆರೆ ಏರಿಯವರೆಗೆ ಓಟ, ಅಲ್ಲಿ ಇಡ್ಲಿ, ಬಸ್ಸಿನಲ್ಲಿ ವಾಪಸು. ದಾರಿಯುದ್ದಕ್ಕೂ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತೇವೆ.

ಅಕ್ಕನ ಗಂಡ, ನನ್ನ ಬಾವ, ಕ್ಲಬ್ಬಿಗೆ ಸೇರಿದ್ದು ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ. ಮಾತಾಡಿಕೊಂಡು ಓಡುವಷ್ಟು ನಿಧಾನಕ್ಕೆ ಓಡಿ, ಮಾತು ನಿಂತರೆ ನೀವೂ ನಿಲ್ಲಿ ಎಂದಿದ್ದರು ಡಾಕ್ಟರು. ಬಾವನಿಗೆ ಅಷ್ಟೇ ಸಾಕಾಗಿತ್ತು. ಮೊದಲೇ ಮಾತಿನ ಮಲ್ಲ, ಈಗ ಡಾಕ್ಟರ ಅಪ್ಪಣೆ ಬೇರೆ. ಅವರ ವೇಗದಲ್ಲಿ ಓಡುವುದೆಂದರೆ ನನಗೆ ಮುಳ್ಳಿನ ಮೇಲೆ ಕೂತ ಹಾಗೆ.

ಮಳೆಗಾಲದಲ್ಲಿ ಬಂಗಾರಪೇಟೆಯ ಹೊರಗೆ, ಹೊಲಗಳ ನಡುವೆ, ಹತ್ತು ಕಿಲೋಮೀಟರಿನ ಕೆಸರು ಓಟ ಇಟ್ಟರು. ಬಾವನೂ ಹೆಸರು ಕೊಟ್ಟರು. ಹೊರಡುವಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು.

"ಅವ್ರ್ನ ಒಬ್ರನ್ನೇ ಬಿಟ್ಟು ಓಗ್ಬೇಡ ಕಣ್ಲಾ. ಮಾತಾಡಿಸ್ತಾ ಇರು. ನಿನ್ನ ನಂಬಿ ಕಳಿಸ್ತಾ ಇದೀನಿ."

"ನಾನೆಲ್ಲಿ ಓಗ್ತೀನಕ್ಕ," ಎಂದೆ.

ಮೊದಲ ಎರಡು ಕಿಲೋಮೀಟರು ಮಾತು ಉಳಿಸಿಕೊಂಡೆ. ಬೂಟಿಗೆ ಕೆಮ್ಮಣ್ಣು ಮೆತ್ತಿ ಕಾಲು ಕೀಳಲಾಗುತ್ತಿರಲಿಲ್ಲ. ಮುದುಕರು ನಮ್ಮನ್ನು ದಾಟಿ ಹೋದರು. ಶಾಲೆಯ ಮಕ್ಕಳು ದಾಟಿ ಹೋದರು. ಬಾವ ತಾವು ಸಂತೆಯಲ್ಲಿ ಕೊಂಡ ಎಮ್ಮೆಯ ಕಥೆ ಹೇಳುತ್ತಿದ್ದರು, ನನಗೆ ಆ ಎಮ್ಮೆಯ ಮೇಲೂ ಸಿಟ್ಟು ಬಂತು. ದಾರಿ ರೈಲು ಹಳಿಯ ಪಕ್ಕಕ್ಕೆ ತಿರುಗಿತು. ಆಗಲೇ ಮಾರಿಕುಪ್ಪಂ ಕಡೆಯಿಂದ ಬರುತ್ತಿದ್ದ ಗಾಡಿ ಹಾರನ್ ಹೊಡೆಯಿತು.

ಯೋಚಿಸಿದ್ದು ನಾನಲ್ಲ, ಕಾಲು. ಹಾರನ್ ಕೇಳಿದ್ದೇ ತಡ, ಕ್ಲಬ್ಬಿನವರೆಲ್ಲ ಊಟದ ಚೀಲ ಬಗಲಿಗೆ ಒತ್ತಿ ಹಿಡಿದವರ ಹಾಗೆ ಮೊಣಕೈ ಮಡಚಿ ಓಟ ಕಿತ್ತೆವು. ಬೇರೆ ಊರಿನ ಓಟಗಾರರು ಇವರಿಗೇನಾಯಿತು ಎಂದು ನೋಡಿದರು. ಗಾಡಿ ದಾಟಿದ ಮೇಲೆ ಮುಂದಿದ್ದವನೊಬ್ಬ ತಿರುಗಿ, "ಡೇಯ್, ಇನ್ನಿಕ್ಕಿ ಸಂಡೇ ಡಾ!" ಎಂದು ತಮಿಳಿನಲ್ಲಿ ಕೂಗಿದ. ಇವತ್ತು ಭಾನುವಾರ, ಹಿಡಿಯಬೇಕಾದ ಗಾಡಿಯೇ ಇಲ್ಲ. ಎಲ್ಲರೂ ನಕ್ಕು ನಿಧಾನವಾದರು.

ನನಗೂ ನೆನಪಾಯಿತು, ಬಾವ ಹಿಂದೆ ತಿರುವಿನಾಚೆ ಇದ್ದಾರೆ. ಅಲ್ಲಿಯವರೆಗಿನದನ್ನು ಅಭ್ಯಾಸದ ತಲೆಗೆ ಕಟ್ಟಬಹುದು. ಆಮೇಲಿನದೆಲ್ಲ ನನ್ನದೇ. ಇವನೊಬ್ಬನನ್ನು ದಾಟಿ ನಿಲ್ಲುತ್ತೇನೆ, ಅವನೊಬ್ಬನನ್ನು ದಾಟಿ ನಿಲ್ಲುತ್ತೇನೆ ಎಂದುಕೊಳ್ಳುತ್ತಾ ಕೊನೆಯವರೆಗೂ ನಿಲ್ಲಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಬಹಳ ಖುಷಿಯಾಗಿತ್ತು.

ಕೊರಳಿಗೆ ಪದಕ ಹಾಕಿ ಮಜ್ಜಿಗೆ ಕೊಟ್ಟರು. ಮುದುಕರು ಆಗಲೇ ಬಂದು ಕೂತಿದ್ದರು, ಮಕ್ಕಳು ಬಾಳೆಹಣ್ಣು ತಿನ್ನುತ್ತಿದ್ದರು. ಬಾವ ಬರಲಿಲ್ಲ. ಕೂತೆ, ಎದ್ದೆ, ದಾರಿ ನೋಡಿದೆ, ಮತ್ತೆ ಕೂತೆ. ಓಟ ಮುಗಿಯುವಲ್ಲಿ ಕಟ್ಟಿದ್ದ ಹಗ್ಗವನ್ನು ಬಿಚ್ಚತೊಡಗಿದರು. ಬಂದ ದಾರಿಯಲ್ಲೇ ವಾಪಸು ಓಡಿದೆ. ಅಕ್ಕನಿಗೆ ಏನು ಹೇಳಲಿ ಎಂದು ಹೆಜ್ಜೆಗೊಂದು ಸುಳ್ಳು ಕಟ್ಟಿದೆ, ಒಂದೂ ನಿಲ್ಲಲಿಲ್ಲ.

ಕಾಲುವೆಯ ಪಕ್ಕ ಒಂದು ಕಲ್ಲಿನ ಮೇಲೆ ಬಾವ ಕೂತಿದ್ದರು. ಜಾರಿ ಬಿದ್ದು ಎದೆಯವರೆಗೆ ಕೆಸರಾಗಿತ್ತು.

"ಬಾವ, ಎದೆ ನೋಯ್ತಾ ಐತಾ?"

"ಏನೂ ಇಲ್ಲ ಬಾರ್ಲಾ. ಮಾತಾಡಕ್ಕೆ ಯಾರೂ ಇರ್ಲಿಲ್ಲ. ಅದ್ಕೇ ಕೂತ್ಕಂಡೆ."

ಅಷ್ಟು ಹೇಳಿ ಎದ್ದರು. ಮನೆಯವರೆಗೂ ಪಕ್ಕದಲ್ಲೇ ನಡೆದೆ. ಎಮ್ಮೆಯ ಕಥೆ ಮುಂದೇನಾಯಿತು ಎಂದು ಕೇಳಿದೆ. ಅದೇನಿಲ್ಲ ಬಿಡು ಎಂದರು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳು ಕೇಳುವ ಮೊದಲೇ ಬಾವ, "ಇವ್ನು ಇಡೀ ದಾರಿ ಪಕ್ಕದಾಗೇ ಇದ್ದ ಕಣೇ," ಎಂದುಬಿಟ್ಟರು. ಅಕ್ಕ ಅವರ ಅಂಗಿಯ ಕೆಸರು ನೋಡಿದಳು. ಆಮೇಲೆ ನನ್ನ ಕೊರಳು ನೋಡಿದಳು. ಪದಕ ತೆಗೆಯುವುದನ್ನು ನಾನು ಮರೆತಿದ್ದೆ, ಬಾವನ ಕೊರಳು ಖಾಲಿಯಿತ್ತು. ಅಕ್ಕ ಅವರಿಗೆ ಬಿಸಿನೀರು ತೋಡಿ ಕೊಟ್ಟಳು, ನನಗೆ ಕಾಫಿ ಕೊಟ್ಟಳು. ಒಂದು ಮಾತೂ ಬೈಯಲಿಲ್ಲ.

ಮುಂದಿನ ಭಾನುವಾರ ಆಂಡರ್ಸನ್‌ಪೇಟೆಯಲ್ಲಿ ನಮಗಿಂತ ಮೊದಲೇ ಬಾವನ ಜೊತೆ ಅಕ್ಕ ಬಂದು ನಿಂತಿದ್ದಳು. ಸೀರೆ ಎತ್ತಿ ಕಟ್ಟಿ, ಕಾಲಿಗೆ ಮಗಳ ಕ್ಯಾನ್ವಾಸ್ ಬೂಟು ಹಾಕಿದ್ದಳು. ನಾನು ಹೋಗಿ ಬಾವನ ಪಕ್ಕದಲ್ಲಿ ನಿಂತೆ.

"ನೀನು ಮುಂದೆ ಓಗ್ಲಾ," ಎಂದಳು. "ನಾನಿದೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನಾನು ಮುಂದೆ ಹೋದೆ.