ಪದ ನಿಂತ ಮೇಲೂ ಪಿಯಾನೊ

ನಳಿನಾಕ್ಷಿಯ ಗಂಡ ಬೇರೆ ದೇಶದಲ್ಲೇನೂ ಇರಲಿಲ್ಲ. ಆದರೆ ಇಬ್ಬರೂ ದುಡಿಯಲು ಬಂದ ಆ ಅರಬ್ ದೇಶವೇ ದೊಡ್ಡದು. ಅವಳು ದಹ್ರಾನಿನ ಕ್ಯಾಂಪಿನಲ್ಲಿ ಫ್ರೆಂಚ್ ಇಂಜಿನಿಯರರ ಮನೆಗೆಲಸಕ್ಕಿದ್ದಳು. ಗಂಡ ಕೊರಗಪ್ಪ ಖಮೀಸ್ ಮುಶೈತಿನ ಗ್ಯಾರೇಜಿನಲ್ಲಿದ್ದ. ನಡುವೆ ಇಡೀ ಮರುಭೂಮಿ. ಅವಳ ಕಫೀಲ್ ಬೇರೆ, ಅವನ ಕಫೀಲ್ ಬೇರೆ. ಇಬ್ಬರು ಧಣಿಗಳೂ ಒಂದೇ ಹೊತ್ತಿಗೆ ರಜೆ ಕೊಟ್ಟರಷ್ಟೇ ಭೇಟಿ. ಎರಡು ವರ್ಷದಿಂದ ಅದು ಕೂಡಿ ಬಂದಿರಲಿಲ್ಲ.

ಕಾಗದ ಬರೆಯುವಷ್ಟು ಅಕ್ಷರ ಇಬ್ಬರಿಗೂ ಬಾರದು. ಕ್ಯಾಸೆಟಿನಲ್ಲಿ ಮಾತಾಡಿ, ಆ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಟೇಪಿನ ಗುಂಡಿ ಒತ್ತಿದೊಡನೆ ನಳಿನಾಕ್ಷಿಗೆ ಬಾಯಿ ಕಟ್ಟುತ್ತಿತ್ತು. "ನಾನು ಸೌಖ್ಯ. ಹೊತ್ತಿಗೆ ಸರಿ ಉಣ್ಣಿ" ಎನ್ನುವಲ್ಲಿಗೆ ಮುಗಿಯುತ್ತಿತ್ತು. ಕೊರಗಪ್ಪ ಗೇಲಿ ಮಾಡಿದ್ದ: "ಎಂತ ಮಾರಾಯ್ತಿ, ಉಣ್ಣಿ ಅಂತ ಹೇಳ್ಲಿಕ್ಕೆ ಇಲ್ಲಿ ಹೋಟ್ಲಿನವ ಇಲ್ವಾ? ನಿನ್ನ ಸ್ವರವೇ ಮರ್ತು ಹೋಗ್ತಾ ಉಂಟು ನಂಗೆ."

ಕೊನೆಯ ಮಾತು ಗೇಲಿಯಲ್ಲ ಎಂದು ಅವಳಿಗೆ ತಿಳಿಯಿತು.

ಆ ಮನೆಯಲ್ಲಿ ಪಿಯಾನೊ ಇತ್ತು. ಏಸಿಯ ಒಣಗಾಳಿಗೆ ಮರ ಬಿರಿಯದಂತೆ, ಕೆಳಗಿನ ಹಲಗೆ ಕಳಚಿ ಒಳಗೊಂದು ಬೋಗುಣಿ ನೀರಿಡುವುದು ನಳಿನಾಕ್ಷಿಯ ಬೆಳಗಿನ ಕೆಲಸ. ಸಂಜೆ ಮನೆಯೊಡತಿ ಮೇಡಂ ತಾವೇ ನುಡಿಸುತ್ತ, ತಮ್ಮ ದೇಶದ ಹೊಸ ಕಾಲದ ಕವಿತೆಗಳನ್ನು ಹಾಡುತ್ತಿದ್ದರು. ಅವರು ತಲೆ ಆಡಿಸಿದಾಗ ನಳಿನಾಕ್ಷಿ ಸ್ವರದ ಹಾಳೆ ಮಗುಚಬೇಕು. ಆ ಹಾಡುಗಳಿಗೆ ಕೈತಾಳ ಹಾಕುವ ಹಾಗಿರಲಿಲ್ಲ. ಯಾರೋ ಕಿಟಕಿಯ ಬಳಿ ಕೂತು ತಮ್ಮಷ್ಟಕ್ಕೆ ಮಾತಾಡಿಕೊಂಡ ಹಾಗೆ. ಒಂದು ಹಾಡು ಮಾತ್ರ ಅವಳನ್ನು ಹಿಡಿದು ನಿಲ್ಲಿಸಿತು. ಅದರಲ್ಲಿ ದನಿ ನಿಂತರೂ ಪಿಯಾನೊ ಹೋಗುತ್ತಲೇ ಇರುತ್ತದೆ.

"ಪದ ಮುಗಿದ ಮೇಲೂ ಇದು ಯಾಕೆ ಮೇಡಂ ಹೋಗುದು?" ಹರಕು ಇಂಗ್ಲಿಷಿನಲ್ಲಿ ಕೇಳಿದಳು.

"ಹಾಡಿನಲ್ಲಿ ಒಬ್ಬಳು ಸ್ಟೇಷನ್ನಿನಲ್ಲಿ ನಿಂತಿದ್ದಾಳೆ. ರೈಲು ಹೋಯಿತು, ಮಾತೂ ಮುಗಿಯಿತು. ಆದರೆ ಅವಳು ಅಲ್ಲೇ ಇದ್ದಾಳಲ್ಲ, ನಳಿನಾ."

ಒಂದು ಶುಕ್ರವಾರ ಮೇಡಂ ತಮ್ಮ ಅಮ್ಮನಿಗೆ ಕಳಿಸಲು ಆ ಹಾಡನ್ನು ಟೇಪು ಮಾಡುತ್ತಿದ್ದರು. ದನಿ ನಿಂತಿತು. ಭತ್ತದ ನೇಜಿ ನೆಡುವ ಗದ್ದೆಯಲ್ಲಿ ಬೆಳೆದವಳು ನಳಿನಾಕ್ಷಿ. ಅಲ್ಲಿ ನೆಡುತ್ತ ಹಾಡುವಾಗ ಮುಂದಿನವಳ ಪದ ನಿಂತರೆ ಹಿಂದಿನವರು ಎತ್ತಿಕೊಳ್ಳಬೇಕು, ಕೆಸರಿಗೆ ಬೀಳಬಿಡಬಾರದು. ಅವಳ ಗಂಟಲಿನಿಂದ "ಓ..." ಎಂದು ತಾನಾಗಿ ಹೊರಟಿತು. ಅದು ಎಳೆದಷ್ಟೂ ಬಂತು. ಮೇಡಂ ನುಡಿಸುವುದನ್ನು ಬಿಡಲಿಲ್ಲ. ಹಾಳೆಯನ್ನು ತಾವೇ ಮಗುಚಿದರು.

"ಅಯ್ಯೋ, ನಿಮ್ಮ ಅಮ್ಮನ ಕ್ಯಾಸೆಟ್ ಹಾಳು ಮಾಡಿದೆ!"

"ಅಮ್ಮನಿಗೆ ಇನ್ನೊಮ್ಮೆ ಹಾಡುತ್ತೇನೆ. ಇದು ನಿನ್ನದು" ಎಂದು ಮೇಡಂ ಅದನ್ನು ಅವಳ ಕೈಗಿತ್ತರು.

ಖಮೀಸಿಗೆ ಟ್ರೇಲರ್ ಓಡಿಸುವ ಸಾದುಲ್ಲಾನ ಬಳಿ ಕೊಟ್ಟಳು. ಅದಕ್ಕೆ ಒಂದು ಮಾತನ್ನೂ ಸೇರಿಸಲಿಲ್ಲ. ಕಳಿಸಿದ ಮೇಲೆ ನಾಚಿಕೆಯಾಯಿತು. ದಿನ ಹೋದಂತೆ ನಾಚಿಕೆ ಹೋಗಿ ಹೆದರಿಕೆ ಬಂತು. ಗಂಡ ನಕ್ಕರೆ?

ಸಾದುಲ್ಲಾ ಮರಳಿದಾಗ ಕೊರಗಪ್ಪ ಕೊಟ್ಟ ಕ್ಯಾಸೆಟ್ ಚಾಚಿ ಕೇಳಿದ: "ಎಂತ ಕಳ್ಸಿದ್ರಿ ಅಕ್ಕ? ನಿಮ್ಮ ಯಜಮಾನ್ರು ಸ್ಪ್ಯಾನರ್ ಬಿಟ್ಟು ಕೂತೇ ಬಿಟ್ರು."

ಅಡಿಗೆಕೋಣೆಯ ಬಾಗಿಲು ಹಾಕಿ ಟೇಪು ಒತ್ತಿದಳು. ಮೊದಲು ಗ್ಯಾರೇಜಿನ ಸುತ್ತಿಗೆ ಸದ್ದು, ಯಾರದೋ ಅವಸರದ "ಯಲ್ಲಾ, ಯಲ್ಲಾ". ಆಮೇಲೆ ಪಿಯಾನೊ. ಅವನು ಅವಳ ಕ್ಯಾಸೆಟನ್ನೇ ಪಕ್ಕದ ಇನ್ನೊಂದು ಟೇಪಿನಲ್ಲಿ ಹಾಕಿದ್ದ. ಅವಳ "ಓ" ನಿಂತಲ್ಲಿ ಅವನದು ಎದ್ದಿತು, ಒಡಕು, ಶ್ರುತಿ ತಪ್ಪಿದ್ದು. ಅದು ಹೆಂಗಸರು ಎತ್ತುವ ಪದ. ಗದ್ದೆಯಲ್ಲಿ ಗಂಡಸು ಬಾಯಿ ಹಾಕಿದರೆ ಎಲ್ಲರೂ ನಗುತ್ತಿದ್ದರು.

ಪಿಯಾನೊ ನಿಂತಿತು. ಅವನು ಗುಂಡಿ ಒತ್ತಿ ಟೇಪು ನಿಲ್ಲಿಸಿರಲಿಲ್ಲ. ಅವನ ಉಸಿರು ಮಾತ್ರ ಕೇಳುತ್ತಿತ್ತು. ಕ್ಯಾಸೆಟ್ ತಾನಾಗಿ ನಿಲ್ಲುವವರೆಗೂ ಅವಳು ಕೂತಿದ್ದಳು.