ಜಿನೋವಾದ ಮಾತಿಗೆ ಕಿವಿಗೊಟ್ಟ ದೋನ್ಯಾ ಅದೆಲಿನಾ

ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗೆ ಅದನ್ನು ಮರಳಿಸುವ ವಿದ್ಯೆಯನ್ನು ಬ್ಯೂನಸ್ ಐರಿಸ್‌ನಲ್ಲಿ ಬೆಳೆಸಿದವರ ಪೈಕಿ ದೋನ್ಯಾ ಅದೆಲಿನಾ ಕಿರೋಗಾ ಅವರದು ಮನ್ನಣೆಯ ಹೆಸರು. ಇಟಲಿಯಿಂದ ಹಡಗೇರಿ ಬಂದವರ ನುಡಿ ನಮ್ಮ ಸ್ಪ್ಯಾನಿಷ್‌ನಲ್ಲಿ ಬೆರೆತ ಬಗೆಯನ್ನು ವಿದ್ವಾಂಸರು ಬರೆದಿಟ್ಟಿದ್ದಾರೆ. ಆ ಬೆರಕೆಯನ್ನೇ ಔಷಧವಾಗಿ ಬಳಸಿದವರು ಇವರು. ಸಹೋದ್ಯೋಗಿಯಾಗುವ ಮೊದಲು ನಾನು ಅವರ ರೋಗಿಯೊಬ್ಬರ ಮಗಳಾಗಿದ್ದೆ.

೧೯೮೪ರ ಚಳಿಗಾಲ. ಬಂದರಿನ ಬಡಾವಣೆ ಲಾ ಬೋಕಾದಲ್ಲಿ ದೋಣಿ ಕಟ್ಟುವ ಬಡಗಿಯಾಗಿದ್ದ ನನ್ನ ತಂದೆ ಬೌತಿಸ್ತಾ ಕವಾನ್ಯಾರೋ ಕುಸಿದುಬಿದ್ದು ಎಚ್ಚೆತ್ತಾಗ, ಅವರ ಬಾಯಿಂದ ಬಂದದ್ದೆಲ್ಲ ನಮಗೆ ತಿಳಿಯದ ಶಬ್ದಗಳು. ಹುಡುಗನಾಗಿದ್ದಾಗ ಇಟಲಿಯ ಜಿನೋವಾದಿಂದ ಬಂದು, ಶಾಲೆಯಲ್ಲಿ ತಮ್ಮ ಮಾತಿಗಾಗಿ ಹಂಗಿಸಿಕೊಂಡ ಅವರು ಆ ಮಾತನ್ನು ನಮ್ಮ ಮನೆಯೊಳಗೆ ಎಂದೂ ಬಿಟ್ಟುಕೊಂಡಿರಲಿಲ್ಲ. ಬುದ್ಧಿ ಕೆಟ್ಟಿದೆಯೆಂದು ತಿಳಿದ ವಾರ್ಡಿನ ವೈದ್ಯರು ಅವರನ್ನು ಮಾನಸಿಕ ರೋಗಿಗಳ ಆಶ್ರಮಕ್ಕೆ ಕಳಿಸಲು ನಿಶ್ಚಯಿಸಿದ್ದರು.

ಆಗಷ್ಟೇ ಕೆಲಸಕ್ಕೆ ಸೇರಿದ್ದ ದೋನ್ಯಾ ಅದೆಲಿನಾ ಮಂಚದ ಪಕ್ಕ ಕುಳಿತು ಬಹಳ ಹೊತ್ತು ಕೇಳಿಸಿಕೊಂಡರು.

"ನಿಲ್ದಾ, ಇದು ಬಡಬಡಿಕೆ ಅಲ್ಲಮ್ಮ, ಜಿನೋವಾ ಮಾತು. ನಮ್ಮ ವಠಾರದ ಹೆಂಗಸರು ನಲ್ಲಿ ಹತ್ರ ಜಗಳ ಆಡ್ತಿದ್ದದ್ದೇ ಇದರಲ್ಲಿ."

"ಹಾಗಾದ್ರೆ ನನ್ನ ನೋಡಿದಾಗೆಲ್ಲ 'ಫಿಜ್ಜಾ, ಫಿಜ್ಜಾ' ಅಂತಾರಲ್ಲ, ಏನದು? ನೀರು ಬೇಕೇನೋ ಅಂತ ನಾನು ಲೋಟ ಹಿಡಿದು ನಿಲ್ತೀನಿ."

"ಮಗಳೇ ಅಂತ. ನಿನ್ನನ್ನೇ ಕರೀತಿದ್ದಾರೆ ಕಣೇ."

ನಾನು ಲೋಟ ಕೆಳಗಿಟ್ಟು ಅಪ್ಪನ ಕೈ ಹಿಡಿದುಕೊಂಡೆ.

ಆಶ್ರಮಕ್ಕೆ ಕಳಿಸುವುದನ್ನು ಕೆಲವು ದಿನ ತಡೆಯುವಂತೆ ವೈದ್ಯರನ್ನು ಒಪ್ಪಿಸಿ, ದೋನ್ಯಾ ಅದೆಲಿನಾ ಮರುದಿನ ಕಡಲೆಹಿಟ್ಟಿನ ಬಿಸಿ ಫೈನಾ ರೊಟ್ಟಿ ತಂದರು. ಫೈನಾ, ಟೊಮೆಟೊ ಗೊಜ್ಜಿನ ಹೆಸರಾದ ತೂಕೋ, ಬೀಳ್ಕೊಡುವಾಗಿನ ಚೌ: ಜಿನೋವಾ ಮಾತಿನಲ್ಲೂ ನಮ್ಮ ಊರಿನ ಸ್ಪ್ಯಾನಿಷ್‌ನಲ್ಲೂ ಒಂದೇ ಆಗಿರುವ ಇಂಥ ಮಾತುಗಳನ್ನು ಮೆಟ್ಟಿಲಾಗಿಸಿ ಅಪ್ಪನನ್ನು ಮೆಲ್ಲಗೆ ಸ್ಪ್ಯಾನಿಷ್‌ಗೆ ಕರೆತಂದರು. ಒಂದು ಬೆಳಿಗ್ಗೆ ಅದೇ ವೈದ್ಯರು, "ಏನಜ್ಜ ತಿಂತಿದ್ದೀರಿ?" ಎಂದರು.

"ಫೈನಾ. ನಿಂಗೆ ಕೊಡಲ್ಲ!"

ಅಚ್ಚ ಸ್ಪ್ಯಾನಿಷ್! ವಾರ್ಡೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಆ ವೈದ್ಯರೇ ನಕ್ಕರು. ಆಶ್ರಮದ ಮಾತು ಅಲ್ಲಿಗೇ ನಿಂತಿತು. ಮನೆಗೆ ಮರಳಿದ ಅಪ್ಪ, ಬದುಕಿದಷ್ಟು ಕಾಲ ಎರಡೂ ನುಡಿಗಳನ್ನು ಸಂಕೋಚವಿಲ್ಲದೆ ಆಡಿದರು.

ಟೈಪಿಂಗ್ ಕೆಲಸ ಬಿಟ್ಟು ನಾನು ಇದೇ ವಿದ್ಯೆ ಕಲಿಯಲು ಹೊರಟಾಗ ಸಂಜೆಗಳಲ್ಲಿ ಪಾಠ ಹೇಳಿಕೊಟ್ಟವರೂ ದೋನ್ಯಾ ಅದೆಲಿನಾ ಅವರೇ. ರೋಗಿಯ 'ಲಬೂರೋ' ಎಂಬ ಬೆರಕೆ ಮಾತನ್ನು ಪುಸ್ತಕದ ಪದಕ್ಕೆ ತಿದ್ದಹೊರಟ ಶಿಷ್ಯರನ್ನು, "ಕೆಲಸ ಅಂತ ನಿಮಗೆ ಅರ್ಥ ಆಯ್ತು ತಾನೆ? ಮತ್ತೆ ತಿದ್ದೋದ್ಯಾಕೆ?" ಎಂದು ಕೇಳುತ್ತಿದ್ದರು.

ನಿವೃತ್ತಿಯಾದ ವಾರವೇ ಅವರು ಬೊಲಿವಿಯಾದ ಬೆಟ್ಟಸೀಮೆಯ ಕೆಚುವಾ ನುಡಿಯ ತರಗತಿ ಸೇರಿದ್ದಾರೆ. ಏಕೆಂದು ಕೇಳಿದರೆ, "ವಾರ್ಡಲ್ಲಿ ಕಿಟಕಿ ಪಕ್ಕದ ಮಂಚದ ಬೊಲಿವಿಯಾದ ಅಜ್ಜಿ ಏನೋ ಹೇಳ್ತಾನೇ ಇದ್ದಾರೆ, ಯಾರಿಗೂ ಗೊತ್ತಾಗ್ತಿಲ್ಲ" ಎನ್ನುತ್ತಾರೆ. ದೋನ್ಯಾ ಅದೆಲಿನಾ ನೂರ್ಕಾಲ ಬಾಳಲಿ. ಆ ಅಜ್ಜಿಗೆ ಅವರಿಂದ ಬೇಗ ಉತ್ತರ ಸಿಗಲಿ.