ಪಹಣಿಯಲ್ಲಿಲ್ಲದ ಬಾವಿ

ಗುಡ್ಡದ ಬುಡದ ಆ ಬಾವಿಯನ್ನು ತೋಡಿದ್ದು ಅಮ್ಮಯಮ್ಮ ಮದುವೆಯಾಗಿ ಬಂದ ಎರಡನೇ ವರ್ಷ. ಗಂಡ ಅಪ್ಪಯ್ಯಣ್ಣ ಕೆಳಗೆ ಹಾರೆ ಹಾಕುತ್ತಿದ್ದರೆ, ಐದು ತಿಂಗಳ ಬಸುರಿ ಈಕೆ ಮೇಲೆ ನಿಂತು ಮಂಕರಿಯಲ್ಲಿ ಮಣ್ಣು ಎಳೆಯುತ್ತಿದ್ದಳು. ನಲವತ್ತೆರಡು ಅಡಿಗೆ ಬಂಡೆಯ ಸಂದಿಯಲ್ಲಿ ನೀರು ಜಿನುಗಿತು. ಸುತ್ತಲಿನ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಬರೀ ಧೂಳು ಉಗುಳಿದ ವರ್ಷಗಳಲ್ಲೂ ಅದರಲ್ಲಿ ಸೊಂಟದಷ್ಟು ನೀರು ನಿಂತಿರುತ್ತಿತ್ತು. ಗಂಡ ತೀರಿಹೋಗಿ ಹನ್ನೊಂದು ವರ್ಷವಾದರೂ ಅದೇ ನೀರಿನಲ್ಲಿ ಅರ್ಧ ಎಕರೆ ಕನಕಾಂಬರ ಬೆಳೆದು, ಎರಡು ಸೀಮೆಹಸು ಕಟ್ಟಿಕೊಂಡು, ಆಕೆ ಯಾರ ಮುಂದೂ ಕೈಚಾಚದೆ ಬದುಕಿದ್ದಳು.

ಬದುವಿನ ಆಚೆ ಮುನಿರಾಜನ ಜಮೀನು. ಅವನ ಬೋರು ಒಣಗಿದ ಒಂದು ಬೇಸಿಗೆಯಲ್ಲಿ ಅವನ ಮನೆಯವರು ಮೂರು ತಿಂಗಳು ಇದೇ ಬಾವಿಯ ನೀರು ಹೊತ್ತಿದ್ದರು. ಅವನ ಹೆಂಡತಿ ಕವಿತ ಆಗ ಹಸಿ ಬಾಣಂತಿ. ಬೆಳಗಾದರೆ ಅಮ್ಮಯಮ್ಮನೇ ಎರಡು ಬಿಂದಿಗೆ ತುಂಬಿಸಿ ಅವರ ಜಗಲಿಯ ಮೇಲೆ ಇಟ್ಟು ಬರುತ್ತಿದ್ದಳು.

ಗುಡ್ಡದಲ್ಲಿ ಜಲ್ಲಿ ಕ್ವಾರಿ ಮಾಡಲು ಯಾರೋ ಅರ್ಜಿ ಹಾಕಿದ್ದಾರೆ, ತಕರಾರಿದ್ದವರು ಹೇಳಬೇಕು ಎಂದು ಪಂಚಾಯ್ತಿ ಗೋಡೆಗೆ ನೋಟಿಸು ಬಿತ್ತು. ಟಿಪ್ಪರ್ ಕೆಲಸ ಸಿಗುತ್ತದೆಂಬ ಆಸೆಗೆ ಊರು ಬಾಯಿ ಮುಚ್ಚಿಕೊಂಡಿತು. ಅಮ್ಮಯಮ್ಮ ಮಾತ್ರ ತಕರಾರು ಹೇಳಲೇಬೇಕೆಂದು ಹೊರಟಳು. ಗುಡ್ಡದ ಮೇಲೆ ಮಳೆ ಬಿದ್ದ ಮೂರನೇ ದಿನಕ್ಕೆ ಬಾವಿ ಏರುವುದನ್ನು ಆಕೆ ನಲವತ್ತು ವರ್ಷದಿಂದ ಕಂಡಿದ್ದಳು. ಬಂಡೆ ಒಡೆದರೆ ನೀರಿನ ದಾರಿಯೇ ಒಡೆದಂತೆ.

ತಾಲ್ಲೂಕು ಕಚೇರಿಗೆ ಹೋಗಿ ತಕರಾರು ಕೊಟ್ಟಾಗ ಗುಮಾಸ್ತ ಪಹಣಿ ತೆಗೆದು ನೋಡಿದ.

"ಅಮ್ಮಾ, ಇದ್ರಲ್ಲಿ ಖುಷ್ಕಿ, ಬರೀ ಮಳೆ ಜಮೀನು ಅಂತೈತೆ. ಬಾವೀನೇ ಇಲ್ವಲ್ಲ."

"ಇಲ್ಲ ಅಂದ್ರೇನ್ ಸ್ವಾಮಿ? ನಾನೇ ಮಣ್ಣು ಹೊತ್ತಿದ್ದು."

"ಹೊತ್ತಿರ್ಬೋದು. ಬರ್ಸಿಲ್ಲ ನೀವು."

ಅಧಿಕಾರಿ ಸ್ಥಳಕ್ಕೆ ಬಂದು ನೋಡಬೇಕು, ಪಕ್ಕದ ಜಮೀನಿನವರ ಸಾಕ್ಷಿ ಸಹಿಯೊಂದಿಗೆ ಮಹಜರು ಆಗಬೇಕು, ಆಮೇಲೆ ಬಾವಿಯನ್ನು ದಾಖಲೆಗೆ ಸೇರಿಸುತ್ತಾರೆ ಎಂದು ಅವನು ತಿಳಿಸಿದ. ಆಕೆ ಸಂಜೆಯೇ ಮುನಿರಾಜನ ಮನೆಗೆ ಹೋದಳು. "ಅದಕ್ಕೇನ್ ದೊಡ್ಡಮ್ಮ, ಬರ್ತೀನಿ ಬಿಡಿ" ಎಂದ.

ಮಹಜರಿನ ದಿನ ಅಧಿಕಾರಿ ಬೈಕಿನಿಂದ ಇಳಿದವನೇ ಬಾವಿಯ ಎರಡು ಫೋಟೋ ತೆಗೆದು, ಹುಣಸೆ ಮರದ ಕೆಳಗೆ ಕೂತು ಬರೆದ. ಮುನಿರಾಜ ಓದಿ ಸಹಿ ಹಾಕಿದ.

"ಏನ್ ಬರ್ದವ್ರೆ ಮುನಿರಾಜ?"

"ಬಾವಿ ಐತೆ ಅಂತ ಬರ್ದವ್ರೆ. ಒತ್ತಿ ದೊಡ್ಡಮ್ಮ."

ಆಕೆ ಹೆಬ್ಬೆಟ್ಟು ಒತ್ತಿದಳು. ಬಂದವರಿಗೆ ಮಜ್ಜಿಗೆ ಕೊಟ್ಟಳು.

ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗಳು ಜ್ಯೋತಿಲಕ್ಷ್ಮಿ, ಕ್ವಾರಿಯ ಬಗ್ಗೆ ಜನರ ಅಹವಾಲು ಕೇಳುವ ಸಭೆಯ ಹಿಂದಿನ ದಿನ ರಜೆ ಹಾಕಿ ಬಂದು ಆ ಮಹಜರಿನ ನಕಲು ಓದಿದಳು. ಬಾವಿ ಇದೆ, ನಿಜ. ಆದರೆ ಹಾಳು ಬಿದ್ದಿದೆ, ಹದಿನೈದು ವರ್ಷದಿಂದ ನೀರಿಲ್ಲ, ಬಳಕೆಯಲ್ಲಿಲ್ಲ. ಕೆಳಗೆ ಮುನಿರಾಜನ ಸಹಿ, ಅದರ ಪಕ್ಕದಲ್ಲಿ ಅಮ್ಮನ ಹೆಬ್ಬೆಟ್ಟು.

ಅಮ್ಮಯಮ್ಮ ಬದು ದಾಟಿ ಹೋದಾಗ ಮುನಿರಾಜ ತಲೆ ಎತ್ತಲಿಲ್ಲ. "ದಾಬಸ್‌ಪೇಟೆ ಗೋಡೌನ್‌ದು ಕೆಲ್ಸ ಹೋಗಿ ಎಂಟ್ ತಿಂಗ್ಳಾಯ್ತು ದೊಡ್ಡಮ್ಮ. ಕ್ವಾರಿಯವ್ರು ಡ್ರೈವರ್ ಕೆಲ್ಸ ಕೊಡ್ತೀವಿ ಅಂದ್ರು."

"ನಿನ್ ಮಗೀಗೆ ಮೊದ್ಲು ನೀರು ಹುಯ್ದಿದ್ದು ಅದೇ ಬಾವೀದು ಕಣೋ."

ಒಳಗೆ ಕವಿತ ಅಳುವುದು ಕೇಳಿಸಿತು. ಅಮ್ಮಯಮ್ಮ ವಾಪಸು ಬಂದಳು.

ಸಭೆಯಲ್ಲಿ ಆಕೆ ಎದ್ದು ನಿಂತು ಮಾತಾಡುತ್ತಿದ್ದಾಗ ಅಧಿಕಾರಿಯೊಬ್ಬರು ಆ ಕಾಗದ ಎತ್ತಿ ತೋರಿಸಿದರು. "ಹೆಬ್ಬೆಟ್ಟು ನಿಮ್ದೇ ಅಲ್ವೇನಮ್ಮ?"

"ನಂದೇ ಸ್ವಾಮಿ. ಬರ್ದಿರೋದು ಸುಳ್ಳು. ಅರ್ಧ ಗಂಟೆ ದಾರಿ, ಈಗ್ಲೇ ಬಂದು ನೋಡಿ."

"ನೋಟ್ ಮಾಡ್ಕೊಂಡಿದೀವಿ, ಕೂತ್ಕೊಳಿ" ಎಂದರು. ಯಾರೂ ಬರಲಿಲ್ಲ.

ಯುಗಾದಿ ಕಳೆದ ಮೇಲೆ ಕ್ವಾರಿಗೆ ಅನುಮತಿ ಸಿಕ್ಕಿ, ಬಂಡೆ ಸಿಡಿಸುವುದು ಶುರುವಾಯಿತು. ಮೊದಲ ವಾರ ಬಾವಿಯ ನೀರು ಸುಣ್ಣದ ತಿಳಿಯಂತೆ ಬೆಳ್ಳಗಾಯಿತು. ಆಮೇಲೆ ದಿನಕ್ಕೊಂದು ಮೆಟ್ಟಿಲಿನಂತೆ ಇಳಿಯಿತು. ಒಂದು ಬೆಳಗ್ಗೆ ಮೋಟರು ಬರೀ ಗಾಳಿ ಎಳೆಯಿತು. ಅಮ್ಮಯಮ್ಮ ಗೋಡೆ ಹಿಡಿದುಕೊಂಡು ತಳದವರೆಗೂ ಇಳಿದು, ನೀರು ಬರುತ್ತಿದ್ದ ಸಂದಿಗೆ ಬೆರಳಿಟ್ಟಳು. ಬೆರಳಿಗೆ ಹಿಟ್ಟಿನಂಥ ಪುಡಿ ಅಂಟಿತು.

ಅದೇ ಮಧ್ಯಾಹ್ನ ಗುಡ್ಡ ಹತ್ತಿ ನೋಡಿದರೆ ಕ್ವಾರಿಯ ಗುಂಡಿಯಲ್ಲಿ ಮೊಣಕಾಲುದ್ದ ನೀರು. ಕಲ್ಲು ತೆಗೆಯಲು ಅಡ್ಡಿಯಾಗುತ್ತದೆಂದು ಅದನ್ನು ಪಂಪಿನಿಂದ ಎತ್ತಿ ಟ್ಯಾಂಕರಿಗೆ ತುಂಬಿಸಿ, ಲಾರಿಗಳ ಧೂಳು ಅಡಗಲೆಂದು ರಸ್ತೆಗೆ ಹೊಡೆಯುತ್ತಿದ್ದರು. ಟ್ಯಾಂಕರಿನ ಚಾಲಕ ಮುನಿರಾಜ.

ಕನಕಾಂಬರ ಹದಿನೈದು ದಿನಕ್ಕೆ ಒಣಗಿ ತರಗಾಯಿತು. ಆಕೆ ಒಂದು ಹಸು ಮಾರಿದಳು. ಇನ್ನೊಂದು ತುಂಬು ಗಬ್ಬವಾಗಿತ್ತು. ಅದನ್ನು ಕಳಿಸಲು ಮನಸ್ಸಾಗಲಿಲ್ಲ. ಮಹಜರು ಸುಳ್ಳೆಂದು ಕೊಟ್ಟ ಅರ್ಜಿಗೆ ಮೇಲಿನಿಂದ ಉತ್ತರ ಬರಬೇಕೆಂದು ಕಚೇರಿಯಲ್ಲಿ ಪ್ರತಿಸಲವೂ ಹೇಳುತ್ತಿದ್ದರು. ಅಷ್ಟರಲ್ಲಿ ಮುನಿರಾಜನ ಬೋರೂ ನಿಂತಿತು.

ಒಂದು ದಿನ ಟ್ಯಾಂಕರು ಅವಳ ಮನೆ ಮುಂದೆ ನಿಂತಿತು. ಮುನಿರಾಜ ಇಳಿದು ಬಂದು, "ದೊಡ್ಡಮ್ಮ, ಹಸೀಗೆ ಒಂದ್ ಡ್ರಮ್ಮು ಬಿಟ್ಬಿಡ್ಲಾ?" ಎಂದ.

ಬೇಡ ಎನ್ನಲು ಬಾಯಿ ತೆರೆದಳು. ಕೊಟ್ಟಿಗೆಯಲ್ಲಿ ಹಸು ಖಾಲಿ ಬಾನಿಯನ್ನು ನೆಕ್ಕುತ್ತಿತ್ತು. ಅಮ್ಮಯಮ್ಮ ಡ್ರಮ್ಮನ್ನು ಉರುಳಿಸಿ ತಂದು ನಿಲ್ಲಿಸಿದಳು. ಅವನು ಪೈಪು ಹಿಡಿದ. ಡೀಸೆಲ್ ವಾಸನೆಯ ಬೂದು ನೀರು ತುಂಬುವವರೆಗೂ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.